ಬೋರ್ಡ್ ಬದಲಿಸಿದ ಮೇಲೆ ಬೀಪ್ ಬಂತಾ? ಮೊದಲು ಪರ್ಸ್ ಒಳಗಿಡಿ

ಲಗ್ನಪತ್ರಿಕೆ ಸೀಸನ್ನಿನಲ್ಲಿ ಮಷಿನ್ ಕೆಟ್ಟರೆ ಏನು ಗತಿ ಅಂತ ಗದಗಿನ ಡಿಟಿಪಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ಪ್ರೊಸೆಸರು, ರ‍್ಯಾಮು ಗಟ್ಟಿಮುಟ್ಟಾಗಿದ್ದವು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ "ಹೊಸಾದ ಐತ್ರಿ ಅಕ್ಕಾರ, ಸ್ಟಾಕ್ ಉಳದದ್ದು" ಅಂತ ಏಸಸ್ ಕಂಪನಿಯ ಎಚ್61 ಬೋರ್ಡ್ ಹಾಕಿಕೊಟ್ಟರು. ಅಲ್ಲಿ ಆನ್ ಆಯಿತು. ಬಸ್ಸಿನಲ್ಲಿ ಸಿಪಿಯು ತೊಡೆಮೇಲೆ ಇಟ್ಟುಕೊಂಡು ಅಣ್ಣಿಗೇರಿ ದಾಟಿ ಮನೆಗೆ ತಂದು ಚಾಲೂ ಮಾಡಿದರೆ ಪರದೆ ಕಪ್ಪು, ಬೀಪ್ ಒಂದು ಉದ್ದ, ಎರಡು ಗಿಡ್ಡ. ತಡೆದು ಮತ್ತೆ ಅದೇ.

ಅಂಗಡಿಯವರಿಗೆ ಫೋನ್ ಹಿಡಿದು ಕೇಳಿಸಿದೆ. "ಡಿಸ್‌ಪ್ಲೇ ಹೋಗೇತ್ರಿ, ಗ್ರಾಫಿಕ್ಸ್ ಕಾರ್ಡ್ ಹಾಕಬೇಕು" ಎಂದು ಕಾರ್ಡನ್ನು ಬಸ್ಸಿಗೆ ಕಳಿಸಿದರು. ದುಡ್ಡು ಮೊದಲೇ ಫೋನ್‌ಪೇ ಮಾಡಿಸಿಕೊಂಡರು. ಹಾಕಿದರೂ ಅದೇ ಬೀಪ್.

ಅವರ ಲೆಕ್ಕ ತಪ್ಪಿದ್ದು ಇಲ್ಲೇ. ಮಷಿನ್ ಆನ್ ಆದ ಕೂಡಲೇ ಎಲ್ಲ ಭಾಗ ಪರೀಕ್ಷಿಸಿ ಬೀಪ್ ಹೊಡೆಯುವುದು ಬೋರ್ಡಿನೊಳಗಿನ ಬಯೋಸ್ ಅನ್ನುವ ತಂತ್ರಾಂಶ. ಹಳೇ ಅವಾರ್ಡ್ ಕಂಪನಿಯ ಬಯೋಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಅಂದರೆ ಡಿಸ್‌ಪ್ಲೇ ತೊಂದರೆ. ಏಸಸ್ ಬೋರ್ಡಿನಲ್ಲಿ ಅದೇ ಸದ್ದಿಗೆ ಮೆಮೊರಿ, ಅಂದರೆ ರ‍್ಯಾಮ್, ಕಾಣುತ್ತಿಲ್ಲ ಅಂತ ಅರ್ಥ. ಡಿಸ್‌ಪ್ಲೇ ಸಿಗದಿದ್ದರೆ ಒಂದು ಉದ್ದ, ಮೂರು ಗಿಡ್ಡ ಬರುತ್ತದೆ. ಬೋರ್ಡ್ ಮಾರುವವರಿಗೆ ಅದರ ಮ್ಯಾನ್ಯುಯಲ್ ತೆಗೆದು ನೋಡುವಷ್ಟೂ ಪುರುಸೊತ್ತು ಇರಲಿಲ್ಲ. ಮ್ಯಾನ್ಯುಯಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು, ಡಬ್ಬಿಯೇ ಕೊಟ್ಟಿರಲಿಲ್ಲ.

ಬೆಟಗೇರಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹುಡುಗ ಬಂದ. ಮೊದಲು ರ‍್ಯಾಮ್ ಪೂರ್ತಿ ಕಿತ್ತು ಆನ್ ಮಾಡಿದ. ಬೀಪ್ ಬದಲಾಗಲೇ ಇಲ್ಲ. ಅಂದರೆ ರ‍್ಯಾಮ್ ಇದ್ದಾಗಲೂ ಬೋರ್ಡಿಗೆ ಅದು ಕಾಣುತ್ತಿರಲಿಲ್ಲ. ಅದೇ ರ‍್ಯಾಮ್ ಪಕ್ಕದ ಝೆರಾಕ್ಸ್ ಅಂಗಡಿಯ ಮಷಿನ್ನಿನಲ್ಲಿ ಸರಾಗ ನಡೆಯಿತು. ಆಮೇಲೆ ಫ್ಯಾನ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದ. ಪ್ರೊಸೆಸರ್ ಕೂರುವ ಸಾಕೆಟ್ಟಿನ 1155 ಪಿನ್ನುಗಳು ಬತ್ತದ ಸಸಿಯಂತೆ ಸಾಲಾಗಿ ವಾಲಿದ್ದವು. ಮೂಲೆಯ ಒಂದೆರಡು ಮಾತ್ರ ಪಕ್ಕದ ಪಿನ್ನಿನ ಮೇಲೆ ಬಿದ್ದಿದ್ದವು. ಈ ಪ್ರೊಸೆಸರುಗಳಲ್ಲಿ ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಇರುತ್ತದೆ, ಅದಕ್ಕೆ ಪಿನ್ ಮುಟ್ಟದಿದ್ದರೆ ಒಳ್ಳೇ ರ‍್ಯಾಮ್ ಕೂಡ ಸತ್ತಂತೆ ಕಾಣುತ್ತದೆ. ಮೊದಲೇ ಪಿನ್ ಬಾಗಿದ್ದ ಹಳೇ ಬೋರ್ಡನ್ನೇ ಹೊಸದೆಂದು ಕೊಟ್ಟರೋ, ಕೂಡಿಸುವಾಗ ಬಾಗಿಸಿದರೋ ಗೊತ್ತಿಲ್ಲ. ಹೊಸ ಬೋರ್ಡಿನ ಸಾಕೆಟ್ ಮೇಲೆ ಇರಬೇಕಾದ ಪ್ಲಾಸ್ಟಿಕ್ ಮುಚ್ಚಳ ನಾನಂತೂ ನೋಡಲಿಲ್ಲ.

ಸೂಜಿಯಿಂದ ಆತ ನೆಟ್ಟಗೆ ಮಾಡಿದ. ಈಗ ರ‍್ಯಾಮ್ ಚುಚ್ಚುವ ಒಂದು ಸ್ಲಾಟ್ ನಡೆಯುತ್ತಿದೆ, ಇನ್ನೊಂದು ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ "ನೀವ ಬಿಚ್ಚೀರಿ, ನಾವೇನ್ ಮಾಡೂಣ್ರಿ" ಅಂದರು. ಬಿಲ್ಲಿನಲ್ಲಿ 'ಎಂ.ಬಿ.' ಅಂತ ಎರಡಕ್ಷರ ಬಿಟ್ಟರೆ ಸೀರಿಯಲ್ ನಂಬರ್ ಇಲ್ಲ, ವಾರಂಟಿ ತಾರೀಖಿಲ್ಲ. ಹೀಗಾಗಿ ಬೋರ್ಡ್ ತಗೊಳ್ಳುವವರು ಪ್ರೊಸೆಸರ್ ಕೂಡಿಸುವ ಮುಂಚೆ ಸಾಕೆಟ್ಟಿನ ಫೋಟೊ ತೆಗೆದುಕೊಳ್ಳಿ, ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ. ಬೋರ್ಡಿಗೆ ಬೀಪ್ ಸದ್ದು ಮಾಡುವ ಪುಟ್ಟ ಬಜರ್ ಚುಚ್ಚಿದ್ದಾರಾ ನೋಡಿ. ಬಹಳಷ್ಟು ಬೋರ್ಡಿನ ಜತೆ ಬರುವುದಿಲ್ಲ, ಇಲ್ಲದಿದ್ದರೆ ಬೀಪೇ ಕೇಳದೆ 'ಬೋರ್ಡ್ ಡೆಡ್' ಅಂತ ಇನ್ನೊಂದು ಮಾರುತ್ತಾರೆ.

ಗ್ರಾಫಿಕ್ಸ್ ಕಾರ್ಡ್ ವಾಪಸ್ ತಗೊಂಡರು. ದುಡ್ಡು ಕೊಡುವುದಿಲ್ಲವಂತೆ, ಅಷ್ಟರ ಟೋನರ್ ಒಯ್ಯಬೇಕಂತೆ.