ಶಾಖ ಕೊಡುವ ಮೊದಲು ಕಾಲು ಪರೀಕ್ಷಿಸದ ಕೇಂದ್ರಕ್ಕೆ ಹಿರಿಯರನ್ನು ಒಪ್ಪಿಸಬೇಡಿ

ಮೊಣಕಾಲು ನೋವಿಗೆಂದು ಮನೆಯ ಹಿರಿಯರನ್ನು ಫಿಸಿಯೋಥೆರಪಿಗೆ ಕರೆದೊಯ್ಯಲು ಯೋಚಿಸುತ್ತಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು, ಅದರಲ್ಲೂ ಆ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ, ಮುಂಗಡ ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಹುಬ್ಬಳ್ಳಿಯ ಒಂದು ಖಾಸಗಿ ಕೇಂದ್ರದಲ್ಲಿ ನಮ್ಮ ತಾಯಿಯವರ ಕಾಲಿಗೆ ಆದ ಸುಟ್ಟಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಕಾಲಿನಲ್ಲಿದ್ದ ಬಲವೂ ಕುಗ್ಗಿತು. ಫಿಸಿಯೋಥೆರಪಿಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ, ಇಂದು ಅವರು ಕೋಲಿಲ್ಲದೆ ನಡೆಯುತ್ತಿರುವುದು ಸರಿಯಾದ ಫಿಸಿಯೋಥೆರಪಿಯಿಂದಲೇ. ಆ ಹೆಸರಿನಲ್ಲಿ ಮಲಗಿಸಿ, ಮಷಿನ್ ಹಚ್ಚಿ, ಮನೆಗೆ ಕಳುಹಿಸುವ ಕೇಂದ್ರಗಳ ಬಗ್ಗೆ ಮಾತ್ರ ನಾನು ಎಚ್ಚರಿಸಬೇಕಾಗಿದೆ.

ತಾಯಿಯವರು ಗದಗಿನವರು, ವಯಸ್ಸು ಅರವತ್ತೇಳು. ದಶಕಗಳ ಕಾಲ ನೆಲದ ಮೇಲೆ ಕುಳಿತೇ ಜೋಳದ ರೊಟ್ಟಿ ಬಡಿದವರು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದು, ಅಂಗಾಲು ಸದಾ ಜೋಮು ಹಿಡಿದಂತಿರುತ್ತದೆ ಎಂದು ಹೇಳುತ್ತಲೇ ಇದ್ದರು. ಎಲುಬು-ಕೀಲು ವೈದ್ಯರು ಎಕ್ಸ್-ರೇ ನೋಡಿ ಮೊಣಕಾಲಿನ ಸವೆತವೆಂದು ತಿಳಿಸಿ, ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯ ನಮ್ಮ ಮನೆಗೆ ಹತ್ತಿರವಿದೆ ಎಂಬ ಕಾರಣಕ್ಕೆ ಆ ಕೇಂದ್ರಕ್ಕೆ ಹೋದೆವು.

ಗೋಡೆಯ ಮೇಲೆ ಪದವಿಪತ್ರವಿದ್ದ ವ್ಯಕ್ತಿ ಮೊದಲ ದಿನ ಕೆಲವೇ ನಿಮಿಷ ಕಾಣಿಸಿಕೊಂಡರು. ಎಕ್ಸ್-ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು, "ಗ್ರೀಸ್ ಕಡಿಮಿ ಆಗೈತ್ರಿ ಅಮ್ಮಾರ, ಮಷಿನ್ ಹಚ್ಚಿದ್ರ ಮತ್ತ ತುಂಬತೈತಿ" ಎಂದರು. ತಾಯಿಯವರಿಗೆ ಸಕ್ಕರೆ ಕಾಯಿಲೆ ಇದೆ, ಕಾಲು ಜೋಮು ಹಿಡಿಯುತ್ತದೆ ಎಂದು ನಾನಾಗಿಯೇ ಹೇಳಿದೆ. ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ. ಎದ್ದು ನಿಲ್ಲಿಸಿ ನೋಡಲಿಲ್ಲ, ನಡೆಸಿ ನೋಡಲಿಲ್ಲ, ಮೊಣಕಾಲನ್ನು ಕೈಯಿಂದ ಮುಟ್ಟಲೂ ಇಲ್ಲ. ಮೂರು ವಾರಗಳ ಪ್ಯಾಕೇಜಿನ ಹಣವನ್ನು ಮೊದಲೇ ಕಟ್ಟಿಸಿಕೊಂಡರು. ಮರುದಿನದಿಂದ ಎಲ್ಲವೂ ಸಹಾಯಕರ ಕೈಯಲ್ಲಿ ನಡೆಯಿತು: ಮಂಚದ ಮೇಲೆ ಮಲಗಿಸುವುದು, ಕರೆಂಟಿನ ಪಟ್ಟಿ ಅಂಟಿಸುವುದು, ಅಲ್ಟ್ರಾಸೌಂಡ್ ಯಂತ್ರದ ತಲೆಯನ್ನು ಮೊಣಕಾಲಿನ ಮೇಲೆ ತಿರುಗಿಸುವುದು, ಕೊನೆಗೆ ಶಾಖದ ಪ್ಯಾಕ್ ಇಡುವುದು. ಒಂದೇ ಒಂದು ವ್ಯಾಯಾಮವನ್ನೂ ಹೇಳಿಕೊಡಲಿಲ್ಲ.

ಆ ಪ್ಯಾಕ್ ಎಂದರೆ ಕ್ಯಾನ್ವಾಸ್ ಚೀಲದೊಳಗೆ ಜೇಡಿಮಣ್ಣಿನ ಜಾತಿಯ ವಸ್ತು ತುಂಬಿ, ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟಿರುವಂಥದ್ದು. ಚರ್ಮಕ್ಕೂ ಅದಕ್ಕೂ ನಡುವೆ ಟವೆಲ್ಲಿನ ಆರರಿಂದ ಎಂಟು ಪದರ ಇರಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲರಿಗೂ ಕಲಿಸುವ ಪಾಠ. ಪ್ಯಾಕನ್ನು ಕಾಲಿನ ಕೆಳಗಿಟ್ಟರೆ ಭಾರಕ್ಕೆ ಟವೆಲ್ ಒತ್ತಿಕೊಂಡು ಶಾಖ ಹೆಚ್ಚು ತಾಗುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಾಯವಾದ ದಿನ ಸಹಾಯಕಿ ಅದನ್ನು ಮೊಣಕಾಲಿನ ಹಿಂಬದಿಯಿಂದ ಮೀನಖಂಡದವರೆಗೆ, ಕಾಲಿನ ಕೆಳಗೇ ಇಟ್ಟಳು. ಸ್ವಲ್ಪ ಹೊತ್ತಿನ ನಂತರ ತಾಯಿಯವರು, "ಬಿಸೀನ ಹತ್ತವಲ್ದು ನೋಡವಾ" ಎಂದರು. ಬಿಸಿ ತಿಳಿಯುತ್ತಿಲ್ಲ ಎಂದು ರೋಗಿ ಹೇಳಿದ ಕ್ಷಣದಲ್ಲೇ ಪ್ಯಾಕ್ ತೆಗೆದು ಚರ್ಮ ನೋಡಬೇಕು. ಅವಳು ನಡುವಿನ ಟವೆಲ್ಲಿನ ಒಂದು ಮಡಿಕೆಯನ್ನೇ ಬಿಡಿಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟು, "ಈಗ ಹತ್ತತೈತಿ ತಡೀರಿ" ಎಂದು ಪಕ್ಕದ ಮಂಚಕ್ಕೆ ಹೋದಳು. ಅಷ್ಟರಲ್ಲಿ ನಾನು ಅವಳನ್ನು ಕರೆದು ಇದು ಸರಿಯಲ್ಲ ಎಂದು ಹೇಳಿದೆ. ದಿನಾಲೂ ಹೀಗೆಯೇ ಮಾಡುತ್ತೇವೆ ಎಂಬ ಉತ್ತರ ಬಂತು. ಪ್ಯಾಕ್ ತೆಗೆದಾಗ ಮೀನಖಂಡದ ಮೇಲೆ ಕೆಂಪು ಪಟ್ಟೆಗಳಿದ್ದವು. ರಾತ್ರಿಯ ಹೊತ್ತಿಗೆ ಅಲ್ಲಿ ನೀರುಗುಳ್ಳೆಗಳೆದ್ದವು, ದೊಡ್ಡದು ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲವಿತ್ತು. ತಾಯಿಯವರಿಗೆ ಆಗಲೂ ನೋವು ತಿಳಿಯಲಿಲ್ಲ, ಸೀರೆ ಒದ್ದೆಯಾದದ್ದನ್ನು ಕಂಡ ಮೇಲೆಯೇ ಗೊತ್ತಾದದ್ದು.

ಸಕ್ಕರೆ ಕಾಯಿಲೆ ದೀರ್ಘಕಾಲ ಇದ್ದವರಲ್ಲಿ ಪಾದದಿಂದ ಆರಂಭವಾಗಿ ಮೇಲಕ್ಕೆ ನರಗಳ ಸಂವೇದನೆ ಕುಂದುತ್ತಾ ಹೋಗುತ್ತದೆ. ಅಂಥವರಿಗೆ ಬಿಸಿ ತಾಗುತ್ತಿದೆಯೋ ಇಲ್ಲವೋ ಎಂದು ಕೇಳಿ ಶಾಖದ ಪ್ರಮಾಣ ನಿರ್ಧರಿಸುವುದು ಅಪಾಯಕರ, ಏಕೆಂದರೆ ಎಚ್ಚರಿಸಬೇಕಾದ ನರವೇ ಸುಮ್ಮನಾಗಿರುತ್ತದೆ. ಆದ್ದರಿಂದಲೇ ಶಾಖ ಚಿಕಿತ್ಸೆಗೆ ಮೊದಲು ಬಿಸಿನೀರು ಮತ್ತು ತಣ್ಣೀರು ತುಂಬಿದ ಎರಡು ಗಾಜಿನ ನಳಿಕೆಗಳನ್ನು ಚರ್ಮಕ್ಕೆ ತಾಗಿಸಿ, ರೋಗಿ ಕಣ್ಣು ಮುಚ್ಚಿಕೊಂಡು ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಗುರುತಿಸುತ್ತಾರೋ ಎಂದು ಪರೀಕ್ಷಿಸುವ ಪದ್ಧತಿ ಇದೆ. ಅದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಅಲ್ಲಿ ಯಾರೂ ಕೊಡಲಿಲ್ಲ ಎಂಬುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಕರೆಂಟಿನ ಚಿಕಿತ್ಸೆ ಅಪಾಯ ತರಬಹುದು. ಅವರಿಗೂ, ದೇಹದಲ್ಲಿ ಲೋಹದ ಸಲಾಕೆ ಇದ್ದವರಿಗೂ ಡಯಾಥರ್ಮಿ ಎಂಬ ಆಳಶಾಖದ ಯಂತ್ರ ಸಲ್ಲದು. ಇವನ್ನೂ ಆ ಕೇಂದ್ರದಲ್ಲಿ ಕೇಳಿರಲಿಲ್ಲ.

ಗ್ರೀಸ್ ತುಂಬುವ ಮಾತಿಗೆ ಬಹಳ ಜನ ಮರುಳಾಗುತ್ತಾರೆ. ಮೊಣಕಾಲಿನ ಸವೆತದಲ್ಲಿ ಸವೆಯುವುದು ಮೃದ್ವಸ್ಥಿ, ಅಂದರೆ ಕೀಲಿನೊಳಗೆ ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಪದರ. ಅದಕ್ಕೆ ರಕ್ತನಾಳಗಳಿಲ್ಲ. ಕಾಲಿಗೆ ಭಾರ ಬಿದ್ದು, ಬಿಟ್ಟು, ಕೀಲು ಆಡಿದಾಗ ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗುತ್ತದೆ. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಶಕ್ತಿ ಕರೆಂಟಿನ ಪಟ್ಟಿಗಾಗಲಿ ಶಾಖಕ್ಕಾಗಲಿ ಇಲ್ಲ, ಅವು ಹೆಚ್ಚೆಂದರೆ ಕೆಲ ಹೊತ್ತು ನೋವನ್ನು ತಗ್ಗಿಸುತ್ತವೆ. ಮೊಣಕಾಲನ್ನು ಕಾಪಾಡುವುದು ತೊಡೆಯ ಮುಂಭಾಗದ ಸ್ನಾಯು. ನೋವಿಗೆ ಹೆದರಿ ಕುಳಿತರೆ ಆ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ನೋವು ಹೆಚ್ಚುತ್ತದೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ ಎಂಬುದನ್ನೂ ಅಲ್ಲಿ ಯಾರೂ ತಿಳಿಸಲಿಲ್ಲ.

ಗಾಯ ಮಾಯ್ದ ಮೇಲೆ ಸರ್ಕಾರಿ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗಕ್ಕೆ ಹೋದಾಗ ಮೊದಲ ಭೇಟಿಯ ಬಹುಪಾಲು ಪ್ರಶ್ನೆ ಮತ್ತು ಪರೀಕ್ಷೆಯಲ್ಲೇ ಕಳೆಯಿತು. ಕೈ ಊರದೆ ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರು ಎಂದು ಎಣಿಸಿದರು, ಎರಡೂ ತೊಡೆಗಳ ಸುತ್ತಳತೆ ತೆಗೆದರು, ಹತ್ತಿಯ ಎಳೆಯಿಂದ ಕಾಲಿನ ಸ್ಪರ್ಶಜ್ಞಾನ ನೋಡಿದರು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಐದು ಸೆಕೆಂಡು ಕೆಳಕ್ಕೆ ಒತ್ತಿ ಹಿಡಿಯುವುದು, ನೇರ ಕಾಲನ್ನು ಎತ್ತಿ ಇಳಿಸುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇವನ್ನು ಕಣ್ಣೆದುರೇ ಮಾಡಿಸಿ ತಪ್ಪು ತಿದ್ದಿದರು. ವ್ಯಾಯಾಮದ ವೇಳೆ ಸ್ವಲ್ಪ ನೋವಾದರೆ ಹೆದರಬೇಡಿ, ಮರುದಿನಕ್ಕೂ ನೋವು ಉಳಿದರೆ ಅಥವಾ ಬಾವು ಬಂದರೆ ಕಡಿಮೆ ಮಾಡಿ ಎಂದರು. ರೊಟ್ಟಿಯನ್ನು ಕಟ್ಟೆಯ ಮೇಲೆ, ನಿಂತು ಬಡಿಯಲು ಹೇಳಿದ್ದೂ ಅವರೇ. ಒಂದು ಯಂತ್ರವನ್ನೂ ಬಳಸಲಿಲ್ಲ.

ಆದ್ದರಿಂದ ಎಲ್ಲಿಗೇ ಹೋಗಿ, ಪರೀಕ್ಷೆ ಮಾಡದೆ ಪ್ಯಾಕೇಜಿನ ಹಣ ಕೇಳಿದರೆ ಎದ್ದು ಬನ್ನಿ. ದಿನಾಲೂ ಚಿಕಿತ್ಸೆ ಕೊಡುವವರು ಯಾರು, ಅವರು ಬಿಪಿಟಿ (ಫಿಸಿಯೋಥೆರಪಿಯ ಪದವಿ) ಪದವೀಧರರೇ ಎಂದು ಬಾಯಿಬಿಟ್ಟು ಕೇಳಿ, ಮಾಲೀಕರ ಪದವಿಪತ್ರ ನೋಡಿ ತೃಪ್ತರಾಗಬೇಡಿ. ಎರಡನೇ ಭೇಟಿಯ ನಂತರವೂ ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಡದಿದ್ದರೆ ಅಲ್ಲಿ ಮುಂದುವರಿಯುವ ಅಗತ್ಯವಿಲ್ಲ. ಕೀಲು ಕೆಂಪಾಗಿ ಬಿಸಿಯಾಗಿದ್ದು ಜ್ವರವಿದ್ದರೆ, ಅಥವಾ ಒಂದೇ ಮೀನಖಂಡ ಹಠಾತ್ತನೆ ಊದಿದ್ದರೆ ಮಾಲೀಸು ಮಾಡಿಸದೆ ಮೊದಲು ವೈದ್ಯರ ಬಳಿ ಹೋಗಿ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಫಿಸಿಯೋಥೆರಪಿ ಕೇಂದ್ರಗಳೂ ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಘಟನೆ ನಡೆದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಇದಕ್ಕೆ ಹಣ ಕಟ್ಟಿದ ರಸೀದಿ, ದಿನಾಂಕವಿರುವ ಗಾಯದ ಫೋಟೋ ಮತ್ತು ಅದು ಶಾಖದಿಂದ ಆದ ಸುಟ್ಟಗಾಯವೆಂದು ವೈದ್ಯರು ಬರೆದುಕೊಟ್ಟ ಚೀಟಿ ಬೇಕು. ಚೀಟಿಯನ್ನು ಅಂದೇ ಬರೆಸಿಕೊಳ್ಳಿ. ನಾವು ಗುಳ್ಳೆಗಳ ಬಗ್ಗೆ ಕೇಳಿದಾಗ ಕೇಂದ್ರದವರು, "ಸಕ್ಕರಿ ಇದ್ದವ್ರಿಗೆ ಗುಳ್ಳಿ ತಾವ ಏಳ್ತಾವ್ರಿ" ಎಂದಿದ್ದರು. ವೈದ್ಯರ ಚೀಟಿ ಮುಂದಿಟ್ಟ ಮೇಲೆಯೇ ಆ ಮಾತು ನಿಂತದ್ದು.