ತಿಂಗಳಿಗೆ 10,000: ಪಿಪಿಎಫ್, ವಿಪಿಎಫ್, ಇಲ್ಲಾ ಎನ್‌ಪಿಎಸ್?

ನಿವೃತ್ತಿಗೆಂದು ತಿಂಗಳಿಗೆ 10,000 ಎತ್ತಿಡಬಹುದು, ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ. ಸಂಬಳದಲ್ಲಿ ಈಗಾಗಲೇ ಪಿಎಫ್ (ನೌಕರರ ಭವಿಷ್ಯ ನಿಧಿ) ಕಡಿತ ಆಗುತ್ತಿದ್ದರೆ ಇದು ಅದರ ಮೇಲಿನ ಉಳಿತಾಯ ಅಲ್ವಾ, ಹಾಗೇ ಲೆಕ್ಕ ಹಾಕೋಣ.

ಮೊದಲು ಬಡ್ಡಿ. ಪಿಪಿಎಫ್‌ಗೆ, ಅಂದರೆ ಬ್ಯಾಂಕ್, ಅಂಚೆ ಕಚೇರಿಯಲ್ಲಿ ಸಿಗುವ 15 ವರ್ಷದ ಸರ್ಕಾರಿ ಉಳಿತಾಯಕ್ಕೆ, 2020ರ ಏಪ್ರಿಲ್‌ನಿಂದ 7.1%. ಇದೇ ದರ ಉಳಿದರೆ 15 ವರ್ಷಕ್ಕೆ ನೀವು ಕಟ್ಟಿದ 18 ಲಕ್ಷ ಸುಮಾರು 31.5 ಲಕ್ಷ ಆಗುತ್ತದೆ. ಆದರೆ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕಟ್ಟಿ. 6ಕ್ಕೆ ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಹೋಯಿತು. ನಾನು ಎರಡು ವರ್ಷ ಸುಮ್ನೆ 10ಕ್ಕೆ ಕಟ್ಟುತ್ತಿದ್ದೆ! ವಿಪಿಎಫ್ ಅಂದರೆ ಪಿಎಫ್‌ಗೇ ನೀವಾಗಿ ಹೆಚ್ಚುವರಿ ಕಟ್ಟಿಸುವುದು; ಅದಕ್ಕೆ ಪಿಎಫ್‌ನದೇ ದರ, 2024-25ಕ್ಕೆ 8.25%. ಎನ್‌ಪಿಎಸ್‌ನಲ್ಲಿ (ಸರ್ಕಾರದ ರಾಷ್ಟ್ರೀಯ ಪಿಂಚಣಿ ಯೋಜನೆ) ಷೇರು ಪೇಟೆಯ ಏರಿಳಿತ ಇದೆ, ಖಾತ್ರಿ ಇಲ್ಲ, ಬೆಳೆಯುವ ಅವಕಾಶ ಜಾಸ್ತಿ.

ತೆರಿಗೆ: ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲ. ಪಿಎಫ್, ವಿಪಿಎಫ್ ಸೇರಿ ನಿಮ್ಮ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಎನ್‌ಪಿಎಸ್‌ಗೆ 50,000 ಹೆಚ್ಚುವರಿ ವಿನಾಯಿತಿ.

ಬೇಕೆಂದಾಗ ದುಡ್ಡು ತೆಗೆಯುವ ವಿಷಯದಲ್ಲಿ ಎನ್‌ಪಿಎಸ್ ಬಿಗಿ. ಕೊನೆಯಲ್ಲೂ ಸಾಮಾನ್ಯವಾಗಿ ಒಂದು ಭಾಗದಿಂದ ಪಿಂಚಣಿ ಕೊಳ್ಳಲೇಬೇಕು. ದುಡ್ಡು ಕೈಗೆ ಬಂದರೆ ಕರಗಿಸಿಬಿಡುವವರಿಗೆ ಈ ಬಿಗಿಯೇ ಒಳ್ಳೆಯದು.

ಸ್ವಂತ ಅಂಗಡಿ ಇಟ್ಟವರಿಗೆ ವಿಪಿಎಫ್ ಸಿಗದು, ಪಿಪಿಎಫ್ ನೋಡಿ. ಐವತ್ತರ ಆಸುಪಾಸಿನ ಸಂಬಳದವರಿಗೆ ನನ್ನ ಪ್ರಕಾರ ವಿಪಿಎಫ್ ಸಲೀಸು. ಮೂವತ್ತರೊಳಗಿದ್ದರೆ ಅರ್ಧವನ್ನಾದರೂ ಎನ್‌ಪಿಎಸ್‌ಗೆ ಹಾಕುವ ಧೈರ್ಯ ಮಾಡಬಹುದು.