ನನ್ನ ಗಂಡನ ಒಸಿಐ ಮತ್ತು ಶಾಂತಿನಗರದ ಒಂದು ಜೆರಾಕ್ಸ್ ಅಂಗಡಿ

ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಅಂಗಡಿ ಇದೆ. ಬೋರ್ಡಿನಲ್ಲಿ ‘ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ’ ಅಂತ ಅಷ್ಟೇ. ವಿದೇಶಿಯರ ನೋಂದಣಿ ಕಚೇರಿ ಆ ನಿಲ್ದಾಣದ ಕಟ್ಟಡದಲ್ಲೇ ಇರುವುದರಿಂದ ಸುತ್ತಮುತ್ತ ಇಂಥ ಅಂಗಡಿಗಳಿಗೆ ಬರವಿಲ್ಲ. ಅವುಗಳಲ್ಲಿ ‘ಇಲ್ಲಿಗೆ ಹೋಗಿ’ ಅಂತ ನಾನು ಧೈರ್ಯವಾಗಿ ಹೇಳಬಲ್ಲದ್ದು ಇದೊಂದನ್ನೇ.

ನಾನು ಮೈಸೂರಿನವಳು, ನನ್ನ ಗಂಡ ಯೂರ್ಗನ್ ಜರ್ಮನಿಯವರು. 1991ರಲ್ಲಿ ಮೈಸೂರಿನಲ್ಲೇ ರಿಜಿಸ್ಟರ್ ಮದುವೆ ಆಯಿತು. ಅವರು ರಿಟೈರ್ ಆದ ಮೇಲೆ ಸರಸ್ವತಿಪುರಂನ ನಮ್ಮಪ್ಪನ ಮನೆಗೆ ಬಂದುಬಿಡೋಣ ಅಂತ ಯಾವತ್ತೋ ಮಾತಾಗಿತ್ತು. ಅದಕ್ಕೆ ಅವರಿಗೆ ಒಸಿಐ ಬೇಕಿತ್ತು, ಅಂದರೆ ಭಾರತೀಯ ಮೂಲದ ಮತ್ತು ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಇಲ್ಲಿ ವೀಸಾ ಇಲ್ಲದೆ ಇರಲು ಕೊಡುವ ಕಾರ್ಡ್.

ಮೊದಲು ಸಿಕ್ಕ ಏಜೆಂಟ್ ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಉಳಿದದ್ದು ನಾನು ನೋಡ್ಕೋತೀನಿ’ ಅಂದರು. ನಂಬಿ ಬಂದೆವು. ಆದರೆ ಟೂರಿಸ್ಟ್ ವೀಸಾದಲ್ಲಿದ್ದವರು ಇಲ್ಲಿ ಒಸಿಐಗೆ ಅರ್ಜಿ ಹಾಕುವ ಹಾಗೇ ಇಲ್ಲ! ಟಿಕೆಟ್ ದುಡ್ಡು ಹೋಗಿದ್ದಕ್ಕಿಂತ, 67ನೇ ವಯಸ್ಸಿನಲ್ಲಿ ಅವರು ಸೂಟ್‌ಕೇಸ್ ಮತ್ತೆ ತುಂಬುವುದು ನೋಡಿ ನನಗೆ ಹೊಟ್ಟೆ ಉರಿಯಿತು. ಭಾರತೀಯರ ಗಂಡ ಅಥವಾ ಹೆಂಡತಿಗೆ ಸಿಗುವ ಎಂಟ್ರಿ ವೀಸಾ ಮಾಡಿಸಿಕೊಂಡು ವಾಪಸ್ ಬಂದು, 14 ದಿನದೊಳಗೆ ನೋಂದಣಿ ಮುಗಿಸಿ, ಆರು ತಿಂಗಳು ಕಳೆದ ಮೇಲೆ ಈ ಅಂಗಡಿ ಮೆಟ್ಟಿಲು ಹತ್ತಿದೆವು.

ಅಂಗಡಿಯ ಯಜಮಾನಿ ಕಾಗದಗಳನ್ನೆಲ್ಲ ಗಾಜಿನ ಮೇಲೆ ಸಾಲಾಗಿ ಹರಡಿದರು. ಹೆಸರು ಬಂದ ಕಡೆಯೆಲ್ಲ ಬೆರಳಿಟ್ಟು ಓದಿದರು. ಪಾಸ್‌ಪೋರ್ಟಿನಲ್ಲಿ ‘ಯು’ ಅಕ್ಷರದ ತಲೆ ಮೇಲೆ ಎರಡು ಚುಕ್ಕಿ. ಅದೇ ಪುಟದ ಕೆಳಗಿನ ಕೋಡಿನಲ್ಲಿ ‘ಯುಇ’. ಮದುವೆ ಸರ್ಟಿಫಿಕೇಟಿನಲ್ಲಿ ಬರೀ ‘ಯು’. “ಅಮ್ಮಾ, ಇಲ್ಲಿ ಮೂರು ಜನ ಇದ್ದಾರಲ್ಲ!” ಅಂದರು. ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ ವಿಷಯ. ಮೂವರೂ ಒಬ್ಬರೇ ಅಂತ ಅಲ್ಲೇ ಅಫಿಡವಿಟ್ ಟೈಪ್ ಮಾಡಿ, ಪಕ್ಕದ ನೋಟರಿ ಹತ್ತಿರ ಕಳಿಸಿದರು.

ನನಗಿದ್ದ ಇನ್ನೊಂದು ಗೊಂದಲವೂ ಅವತ್ತೇ ಬಗೆಹರಿಯಿತು. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವಕ್ಕೆ ಒಪ್ಪಿದೆ. ‘ನೀನೂ ಜರ್ಮನ್ ಪಾಸ್‌ಪೋರ್ಟ್ ತಗೋ ಅಮ್ಮ’ ಅಂತ ಮಗಳ ಒತ್ತಾಯ. “ಅವರು ಒಪ್ಪಿದರೆ ಆಯ್ತಾ? ನಮ್ಮ ದೇಶ ಒಪ್ಪಬೇಕಲ್ವಾ?” ಅಂದರು ಅಂಗಡಿಯ ಯಜಮಾನಿ. ಬೇರೆ ದೇಶದ ಪೌರತ್ವ ತಗೊಂಡ ಕೂಡಲೇ ಭಾರತದ್ದು ಹೋಗುತ್ತದೆ. ಆಮೇಲೆ ನನ್ನ ಊರಲ್ಲಿ ಇರಲು ನನಗೇ ಒಸಿಐ ಬೇಕು, ವೋಟು ಹಾಕುವ ಹಾಗಿಲ್ಲ. ನನ್ನ ಪಾಸ್‌ಪೋರ್ಟನ್ನು ಬ್ಯಾಗಿನೊಳಗೆ ಇನ್ನೂ ಆಳಕ್ಕೆ ತಳ್ಳಿದೆ.

ಶ್ರೀರಂಗಪಟ್ಟಣದ ಕಡೆ ಒಂದು ತೋಟ ಕೊಳ್ಳಬೇಕು ಅನ್ನುವುದು ಯೂರ್ಗನ್ ಆಸೆ. ಒಸಿಐ ಇದ್ದವರು ಮನೆ ಕೊಳ್ಳಬಹುದು, ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಪಾಪ, ಅವರು ಏನೂ ಮಾತಾಡಲಿಲ್ಲ. ಈಗ ತಾರಸಿ ಮೇಲೆ ಮೂವತ್ತು ಕುಂಡಗಳಿವೆ.

ಸರ್ಕಾರದ ಶುಲ್ಕ 15,000 ರೂಪಾಯಿ, ಅಂಗಡಿಯವರು ತಗೊಂಡಿದ್ದು 2,500. ಕೂರಲು ಇರುವುದು ಒಂದೇ ಸ್ಟೂಲ್. ಮಧ್ಯಾಹ್ನ ಫೋನ್ ಎತ್ತುವುದಿಲ್ಲ, ಸೋಮವಾರ ಜನ ಜಾಸ್ತಿ. ವಯಸ್ಸಾದವರು ಬೆಳಗ್ಗೆಯೇ ಹೋಗುವುದು ಒಳ್ಳೆಯದು.

ಕಾರ್ಡ್ ಬಂದ ದಿನ ಸಿಹಿ ಕೊಡಲು ಹೋದೆವು. ಆಕೆ ನಮ್ಮ ಫೈಲ್ ಇಸಿದುಕೊಂಡು ಒಳಬದಿಯಲ್ಲಿ ಪೆನ್ಸಿಲ್‌ನಿಂದ ಬರೆದರು: ‘ಸಾರ್ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ 3 ತಿಂಗಳೊಳಗೆ ಅಪ್‌ಲೋಡ್. ಜೊತೆಗೆ ಹೊಸ ಫೋಟೋ, ಮದುವೆ ಇನ್ನೂ ಇದೆ ಅಂತ ಬರೆದುಕೊಟ್ಟ ಕಾಗದ.’ ಯೂರ್ಗನ್ ಅರ್ಥ ಕೇಳಿದರು. ಹೇಳಿದೆ. ಅದಕ್ಕೆ ಈಗಲೇ ಸಹಿ ಹಾಕಿ ಕೊಡುತ್ತೇನೆ ಅಂದರು.